ಕೃಷ್ಣದೇವರಾಯನ ತೈಲಪಾನ: ಪಾಯೆಸನ ಒಂದು ವಾಕ್ಯದ ವಿಚಾರ

ಕೃಷ್ಣದೇವರಾಯನ ದಿನಚರಿಯನ್ನು ವರ್ಣಿಸುವವರು ಆಧಾರವಾಗಿ ಹಿಡಿಯುವುದು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನ ಬರವಣಿಗೆಯನ್ನು. ಸುಮಾರು 1520-22ರಲ್ಲಿ ವಿಜಯನಗರಕ್ಕೆ ಬಂದಿದ್ದ ಈತನ ವೃತ್ತಾಂತವು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಗಿ, 1900ರಲ್ಲಿ ರಾಬರ್ಟ್ ಸ್ಯೂಯೆಲ್ಲನ ಗ್ರಂಥದ ಮೂಲಕ ಇಂಗ್ಲಿಷ್ ಬಲ್ಲವರಿಗೆ ದೊರೆಯಿತು. ಆಗ ರಾಯನು ತಾನೇ ಕಟ್ಟಿಸಿದ ಹೊಸ ಪಟ್ಟಣದಲ್ಲಿ, ಎಂದರೆ ಇಂದಿನ ಹೊಸಪೇಟೆಯಲ್ಲಿದ್ದನು. ಪಾಯೆಸನು ಅವನನ್ನು ಕಂಡುದೂ ಅಲ್ಲಿಯೇ. ರಾಯನು ಪ್ರತಿದಿನವೂ ಬೆಳಗಾಗುವ ಮೊದಲು ಒಂದು ಕ್ವಾರ್ಟಿಲ್ಯೊ ಎಳ್ಳೆಣ್ಣೆಯನ್ನು ಕುಡಿದು, ಅದೇ ಎಣ್ಣೆಯನ್ನು ಮೈಗೆಲ್ಲ ಲೇಪಿಸಿಕೊಂಡು, ಮಣ್ಣಿನ ಭಾರಗಳನ್ನೆತ್ತಿ, ಎಣ್ಣೆಯೆಲ್ಲ ಬೆವರಾಗಿ ಹೊರಬೀಳುವ ತನಕ ಕತ್ತಿವರಸೆ ಮಾಡಿ, ಜಟ್ಟಿಯೊಡನೆ ಹೋರಿ, ಕುದುರೆಯೇರಿ ತಿರುಗಾಡಿ, ಆಮೇಲೆ ಸ್ನಾನಕ್ಕೆ ಹೋಗುತ್ತಿದ್ದನೆಂದು ಈತನು ಬರೆದಿರುವನು. ಇದನ್ನು ಆಯುರ್ವೇದೋಕ್ತವಾದ ಸ್ನೇಹಪಾನವೆಂದು ಅರ್ಥಮಾಡುವುದು ಸುಲಭ. ಆದರೆ ಶಾಸ್ತ್ರವನ್ನು ತೆರೆದು ನೋಡಿದರೆ ಆ ಅರ್ಥವು ನಿಲ್ಲುವುದಿಲ್ಲ.

ಎಣ್ಣೆ ಯಾವುದೆಂಬುದರಲ್ಲಿ ಸಂಶಯವಿಲ್ಲ. ಇಂದು ಬಳ್ಳಾರಿ, ವಿಜಯನಗರ ಜಿಲ್ಲೆಗಳ ಹೊಲಗಳಲ್ಲಿ ಬೆಳೆಯುವ ಶೇಂಗಾ ಅಮೆರಿಕ ಖಂಡದಿಂದ ಬಂದುದು. ರಾಯನ ಗಾಣಗಳಿಗೆ ಅದು ಸೇರಿದುದಲ್ಲ. ‘ಎಣ್ಣೆ’ ಎಂಬ ಮಾತೇ ‘ಎಳ್’ ಮತ್ತು ‘ನೆಯ್’ ಎಂಬೆರಡರಿಂದ ಆದುದು. ಸಂಸ್ಕೃತದ ‘ತೈಲ’ವೂ ತಿಲದಿಂದಲೇ ಹುಟ್ಟಿದುದು. ನಗರದಲ್ಲಿ ಎಣ್ಣೆ, ಬೆಣ್ಣೆ, ಹಾಲುಗಳ ಮಾರಾಟವು ವಿಪುಲವಾಗಿದ್ದಿತೆಂದು ಪಾಯೆಸನೇ ಬೇರೆಡೆಯಲ್ಲಿ ಹೇಳಿರುವನು. ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿರುವ ಜಿನಾಲಯಕ್ಕೆ ಜನರು ‘ಗಾಣಗಿತ್ತಿ ಗುಡಿ’ ಎನ್ನುವುದನ್ನೂ ಇದಕ್ಕೆ ಸಾಕ್ಷಿಯಾಗಿ ತರಬಹುದೆಂದು ತೋರೀತು. ಆದರೆ ಅದರ ಮುಂದಣ ದೀಪಸ್ತಂಭದ ಶಾಸನವು ಶಕ 1307ರಲ್ಲಿ ಇರುಗಪ್ಪ ದಂಡನಾಯಕನು ಕುಂಥು ಜಿನನಾಥನಿಗೆ ಆಲಯವನ್ನು ಕಟ್ಟಿಸಿದನೆಂದು ಹೇಳುವುದೇ ಹೊರತು ಗಾಣಗಿತ್ತಿಯ ಹೆಸರನ್ನೆತ್ತುವುದಿಲ್ಲ. ಜನರಿಟ್ಟ ಹೆಸರಿನಿಂದ ಚರಿತ್ರೆಯನ್ನು ಕಟ್ಟಲಾಗದು.

ಚರಕನು ತುಪ್ಪ, ಎಣ್ಣೆ, ವಸೆ, ಮಜ್ಜೆ ಎಂದು ಸ್ನೇಹಗಳನ್ನು ನಾಲ್ಕಾಗಿ ವಿಂಗಡಿಸಿ, ತೈಲಗಳಲ್ಲಿ ಬಲಕ್ಕೆ ಎಳ್ಳೆಣ್ಣೆಯನ್ನೂ ವಿರೇಚನಕ್ಕೆ ಹರಳೆಣ್ಣೆಯನ್ನೂ ಶ್ರೇಷ್ಠವೆನ್ನುವನು. ಇಷ್ಟರಮಟ್ಟಿಗೆ ರಾಯನ ಆಯ್ಕೆ ಶಾಸ್ತ್ರಸಮ್ಮತವೇ. ಆದರೆ ಸ್ನೇಹಪಾನಕ್ಕೆ ಅವನು ವಿಧಿಸಿರುವ ಅವಧಿ ಹೆಚ್ಚೆಂದರೆ ಏಳು ದಿನ. ತೈಲಪಾನಕ್ಕೆ ಕಾಲ ಪ್ರಾವೃಟ್ ಋತು. ಸ್ನೇಹವನ್ನು ಕುಡಿದವನು ವರ್ಜಿಸಬೇಕಾದುವುಗಳಲ್ಲಿ ವ್ಯಾಯಾಮವೂ ಒಂದು. ನಿತ್ಯವೂ ಕುಡಿದು ಕೂಡಲೇ ಭಾರವೆತ್ತುವುದು ಈ ವಿಧಿಗೆ ನೇರವಾಗಿ ವಿರುದ್ಧ. ಅಭ್ಯಂಗದ ಮಾತು ಹಾಗಲ್ಲ. ಅಭ್ಯಂಗ, ವ್ಯಾಯಾಮ, ಸ್ನಾನ ಎಂಬ ಪಾಯೆಸನ ಅನುಕ್ರಮವು ವಾಗ್ಭಟನ ದಿನಚರ್ಯಾಧ್ಯಾಯದ ಅನುಕ್ರಮವೇ ಆಗಿದೆ. ಹೀಗಿರುವಲ್ಲಿ ವಾಕ್ಯದ ಒಂದು ಭಾಗ ದಿನಚರ್ಯೆಯದು. ಮತ್ತೊಂದು, ಎಂದರೆ ಪಾನದ ಭಾಗವು, ವೈದ್ಯರ ಮನೆಯದಲ್ಲ, ಗರಡಿಯ ಮನೆಯದಾಗಿರುವ ಸಂಭವವೇ ಹೆಚ್ಚು.

ಇನ್ನು ಎಣ್ಣೆಯು ಬೆವರಾಗಿ ಹೊರಬೀಳುವ ವಿಚಾರ. ಸ್ನೇಹವು ಜಲದ ವಿಶೇಷಗುಣವೆಂದು ವೈಶೇಷಿಕರ ಮತ. ಹಾಗಾದರೆ ಎಣ್ಣೆಯು ಬೆಂಕಿಯನ್ನು ಆರಿಸದೆ ಉರಿಸುವುದೇಕೆಂಬ ಆಕ್ಷೇಪಕ್ಕೆ, ಅದರಲ್ಲಿ ಸ್ನೇಹವು ಪ್ರಕೃಷ್ಟವಾಗಿರುವುದೇ ಕಾರಣವೆಂದು ಮುಕ್ತಾವಳೀಕಾರನ ಸಮಾಧಾನ. ಜಾಣತನದ ಸಮಾಧಾನವೇ ಸರಿ. ಸ್ನೇಹವು ನೀರಿನದೇ ಆದರೆ ಕುಡಿದ ಎಣ್ಣೆ ಬೆವರಿನೊಡನೆ ಒಸರುವುದೂ ಸಹಜವಾಗಿ ತೋರುವುದು. ಆಧುನಿಕ ರಸಾಯನಶಾಸ್ತ್ರವು ಇದನ್ನು ಒಪ್ಪದು. ಎಣ್ಣೆಯ ಕಣವೆಂದರೆ ಒಂದು ಗ್ಲಿಸರಾಲಿಗೆ ಮೂರು ಮೇದಾಮ್ಲಗಳು ಹೆಣೆದುಕೊಂಡುದು. ಈ ಆಮ್ಲಗಳ ಬಾಲವೆಲ್ಲ ಇಂಗಾಲ ಮತ್ತು ಜಲಜನಕಗಳ ಸರಪಳಿಯಾದುದರಿಂದ ಅದು ನೀರಿನೊಡನೆ ಬೆರೆಯದು. ಮೂರರಲ್ಲೊಂದು ಆಮ್ಲದ ಸ್ಥಾನದಲ್ಲಿ ರಂಜಕವುಳ್ಳ ಭಾಗವು ಸೇರಿದರೆ ಅದರ ತಲೆ ನೀರನ್ನು ಬಯಸುವುದು, ಬಾಲಗಳು ನೀರಿಗೆ ವಿಮುಖವಾಗುವುವು. ಅಂಥ ಕಣಗಳು ಎರಡು ಸಾಲಾಗಿ ನಿಂತು ಪ್ರತಿಯೊಂದು ಜೀವಕೋಶದ ಪೊರೆಯಾಗುವುವು. ನೀರಿಗೂ ಸ್ನೇಹಕ್ಕೂ ಇರುವ ವಿರೋಧದಿಂದಲೇ ಕೋಶಕ್ಕೆ ಗೋಡೆಯುಂಟಾಗಿದೆ. ಕುಡಿದ ಎಣ್ಣೆಯಾದರೋ ಪಿತ್ತರಸದಿಂದ ಸಣ್ಣ ಹನಿಗಳಾಗಿ, ಪಾಚಕರಸದಿಂದ ಕತ್ತರಿಸಲ್ಪಟ್ಟು, ಕರುಳಿನ ಗೋಡೆಯಲ್ಲಿ ಮತ್ತೆ ಕೂಡಿಕೊಂಡು, ದುಗ್ಧರಸನಾಳಗಳ ಮೂಲಕ ರಕ್ತವನ್ನು ಸೇರುವುದು. ಬೆವರಿನ ಗ್ರಂಥಿಗಳು ಸುರಿಸುವುದು ಮುಖ್ಯವಾಗಿ ನೀರು ಮತ್ತು ಉಪ್ಪು. ಚರ್ಮದ ಮೇಲಣ ಜಿಡ್ಡು ಬೇರೆ ಗ್ರಂಥಿಗಳು ತಾವೇ ತಯಾರಿಸಿದುದು. ಆದುದರಿಂದ ರಾಯನ ಮೈಯಿಂದ ಬೆವರಿನೊಡನೆ ಇಳಿದ ಎಣ್ಣೆ ಲೇಪಿಸಿದ ಎಣ್ಣೆಯೇ.

ಪ್ರಮಾಣವೂ ವಿಚಾರಾರ್ಹ. ಸ್ಯೂಯೆಲ್ಲನು ಕ್ವಾರ್ಟಿಲ್ಯೊವನ್ನು ಮುಕ್ಕಾಲು ಪಿಂಟು ಎನ್ನುವನು. ಕಡಿಮೆಯೆಣಿಸಿ ಲೀಟರಿನ ಮೂರರಲ್ಲೊಂದು ಭಾಗವೆಂದರೂ ಎಣ್ಣೆಯ ತೂಕ ಸುಮಾರು 300 ಗ್ರಾಂ. ಒಂದು ಗ್ರಾಂ ಕೊಬ್ಬಿನಿಂದ 9 ಕಿಲೊ ಕ್ಯಾಲೊರಿಗಳಂತೆ ಒಟ್ಟು 2,700 ಆಗುವುದು. ವಯಸ್ಕನೊಬ್ಬನ ದಿನದ ಆಹಾರವೆಲ್ಲ ಇದರಲ್ಲೇ ಮುಗಿಯಿತು. ಅರಸನ ಅಂತಃಪುರದಲ್ಲಿ ಬೆಳಕು ಹರಿಯುವ ಮೊದಲು ನಡೆಯುವುದನ್ನು ವಿದೇಶೀಯನು ಕಣ್ಣಾರೆ ಕಂಡನೆನ್ನುವುದಕ್ಕಿಂತ ಆಸ್ಥಾನದವರ ಬಾಯಿಂದ ಕೇಳಿದನೆನ್ನುವುದು ಯುಕ್ತ. ಅವನು ಕಣ್ಣಾರೆ ಕಂಡುದು ರಾಯನ ಆಕೃತಿಯನ್ನು: ಮಧ್ಯಮ ಎತ್ತರ, ಒಳ್ಳೆಯ ಮೈಬಣ್ಣ, ಮುಖದಲ್ಲಿ ಸಿಡುಬಿನ ಕಲೆ, ಶರೀರವು ಕೃಶವೆನ್ನುವುದಕ್ಕಿಂತ ತುಸು ಸ್ಥೂಲ. ವ್ಯಯವಾಗದ ಸ್ನೇಹವು ಮೇದಸ್ಸಾಗಿ ಸಂಚಿತವಾಗುವುದೆಂಬುದರಲ್ಲಿ ಚರಕನಿಗೂ ಇಂದಿನ ಶರೀರಶಾಸ್ತ್ರಕ್ಕೂ ಭೇದವಿಲ್ಲವಾದುದರಿಂದ, ಪಾನದ ಮಾತು ಪೂರ್ತಿಯಾಗಿ ಸುಳ್ಳೆಂದು ತಳ್ಳಿಹಾಕುವುದಕ್ಕೂ ಬಾರದು. ಕ್ವಾರ್ಟಿಲ್ಯೊ ಎಂಬ ಅಳತೆಯನ್ನು ಮಾತ್ರ ಅಕ್ಷರಶಃ ಹಿಡಿಯಬಾರದು.