ಉಕ್ಕಿನ ಫಲಕ ಯಾವಾಗ ಸೋಲುತ್ತದೆ: ಸಿಡಿಚೂರಿನ ಲೆಕ್ಕಾಚಾರದ ಇತಿಹಾಸ

1876ರಲ್ಲಿ ಇಟಲಿಯ ಲಾ ಸ್ಪೆಟ್ಸಿಯಾ ಬಂದರಿನ ಹತ್ತಿರ ಆರ್ಮ್‌ಸ್ಟ್ರಾಂಗ್ ಕಂಪನಿಯ 100 ಟನ್ ತೋಪಿನಿಂದ 22 ಅಂಗುಲ ದಪ್ಪದ ಕವಚಗಳ ಮೇಲೆ ಗುಂಡು ಹಾರಿಸಿ ಪರೀಕ್ಷಿಸಿದರು. ಮೆದು ಕಬ್ಬಿಣದ ಕವಚವನ್ನು ಗುಂಡು ತೂರಿಕೊಂಡು ಹೋಯಿತು. ಫ್ರಾನ್ಸಿನ ಲ ಕ್ರೂಸೊ ಕಾರ್ಖಾನೆಯ ಉಕ್ಕಿನ ಕವಚ ಗುಂಡನ್ನೇನೋ ತಡೆಯಿತು, ಆದರೆ ತಾನೇ ಒಡೆದುಹೋಯಿತು. ಇಟಲಿ ತನ್ನ ‘ದುಯಿಲಿಯೊ’ ಯುದ್ಧನೌಕೆಗೆ ಉಕ್ಕನ್ನೇ ಆರಿಸಿಕೊಂಡಿತು. ಒಂದೇ ತೋಪಿನ ಮುಂದೆ ಎರಡು ಲೋಹಗಳು ಎರಡು ಬಗೆಯಲ್ಲಿ ಸೋತಿದ್ದವು. ಆ ಕಾಲದ ಸೂತ್ರಗಳಲ್ಲಿ ಈ ವ್ಯತ್ಯಾಸಕ್ಕೆ ಜಾಗವಿರಲಿಲ್ಲ. ಗುಂಡು ಎಷ್ಟು ಶಕ್ತಿ ಹೊತ್ತು ಬರುತ್ತದೆ ಎಂಬ ಲೆಕ್ಕ ಬೇಗನೆ ಕೈಗೆ ಸಿಕ್ಕಿತು, ಲೋಹ ಯಾವ ರೀತಿಯಲ್ಲಿ ಮುರಿಯುತ್ತದೆ ಎಂಬುದು ಲೆಕ್ಕದೊಳಗೆ ಬರಲು ಬಹುಕಾಲ ಹಿಡಿಯಿತು ಎಂಬುದೇ ಈ ಲೇಖನದ ವಾದ.

ಶಕ್ತಿಯ ಕಡೆಯ ಕಥೆ ಚಿಕ್ಕದು. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತೂಗುಹಾಕಿದ ಮರದ ದಿಮ್ಮಿಗೆ ಗುಂಡು ಹೊಡೆದು, ಅದು ಎಷ್ಟು ತೂಗಿತೆಂಬುದರಿಂದ ಗುಂಡಿನ ವೇಗ ಕಂಡುಹಿಡಿಯುವ ವಿಧಾನವನ್ನು ವಿವರಿಸಿದ. ಹತ್ತೊಂಬತ್ತನೆಯ ಶತಮಾನದಲ್ಲಿ ಪಾನ್ಸೆಲೆ, ಗುರಿಯ ಪ್ರತಿರೋಧದಲ್ಲಿ ಒಂದು ಭಾಗ ಸ್ಥಿರವಾದದ್ದು, ಇನ್ನೊಂದು ವೇಗದ ವರ್ಗಕ್ಕೆ ತಕ್ಕಂತೆ ಏರುವಂಥದ್ದು ಎಂದ. 1886ರ ಡಿ ಮಾರ್ ಸೂತ್ರ ನೌಕಾಪಡೆಗಳ ಕೈಪಿಡಿಯಾಯಿತು. ಅದರ ಪ್ರಕಾರ ಕವಚವನ್ನು ಭೇದಿಸಲು ಬೇಕಾದ ವೇಗ ದಪ್ಪದ 0.7ನೇ ಘಾತವನ್ನು ಅನುಸರಿಸುತ್ತದೆ. ಅಂದರೆ ದಪ್ಪ ಇಮ್ಮಡಿಯಾದರೆ ವೇಗ ಸುಮಾರು 1.6 ಪಟ್ಟು ಆಗಬೇಕು. ಇಂಥ ಘಾತ ಯಾವ ಭೌತನಿಯಮದಿಂದಲೂ ಹುಟ್ಟಿದ್ದಲ್ಲ, ಪರೀಕ್ಷಾ ಮೈದಾನದ ಅಂಕಿಗಳಿಗೆ ಹೊಂದಿಸಿದ್ದು. ಲೋಹದ ಗುಣವೆಲ್ಲ ಒಂದೇ ಒಂದು ಗುಣಾಂಕದೊಳಗೆ ಅಡಗಿ ಕೂತಿತ್ತು.

ಎರಡನೆಯ ಮಹಾಯುದ್ಧದಲ್ಲಿ ಪ್ರಶ್ನೆಯೇ ಬದಲಾಯಿತು. ನಯವಾದ ಮೊನೆಯ ಗುಂಡಿನ ಜಾಗಕ್ಕೆ, ಶೆಲ್ ಸಿಡಿದಾಗ ಹಾರುವ ಅಡ್ಡಾದಿಡ್ಡಿ ಚೂರು ಬಂತು. 1943ರಲ್ಲಿ ರೊನಾಲ್ಡ್ ಗರ್ನಿ ಆ ಚೂರುಗಳ ಆರಂಭದ ವೇಗಕ್ಕೆ ಸೂತ್ರ ಕೊಟ್ಟರು. ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ ನೆವಿಲ್ ಮಾಟ್, ಶೆಲ್ಲಿನ ಕವಚ ಎಷ್ಟೆಷ್ಟು ಗಾತ್ರದ ಚೂರುಗಳಾಗುತ್ತದೆ ಎಂಬ ಲೆಕ್ಕದಲ್ಲಿದ್ದರು. ಕೆಲವೇ ವರ್ಷ ಹಿಂದೆ, 1940ರಲ್ಲಿ, ಇವರಿಬ್ಬರೂ ಸೇರಿ ಅಯಾನಿಕ ಹರಳುಗಳ ಬಗ್ಗೆ ಗ್ರಂಥ ಬರೆದಿದ್ದರು; ಯುದ್ಧ ಯಾರನ್ನು ಯಾವ ಕೆಲಸಕ್ಕೆ ಹಚ್ಚುತ್ತದೆ ನೋಡಿ. ಚೂರು ಫಲಕವನ್ನು ಮುಟ್ಟಿದ ಮೇಲಿನ ಲೆಕ್ಕಕ್ಕೆ ಅಮೆರಿಕದಲ್ಲಿ ‘ಥಾರ್’ ಯೋಜನೆಯ 1961ರ ವರದಿ ಬಂತು. ಅದು ಚೂರಿನ ತೂಕ, ವೇಗ, ತಾಗುವ ಕೋನ, ಎದುರಾಗುವ ವಿಸ್ತೀರ್ಣ ಮತ್ತು ಫಲಕದ ದಪ್ಪದಿಂದ ಆಚೆ ಬದಿಯಲ್ಲಿ ಉಳಿಯುವ ವೇಗವನ್ನು ಹೇಳುತ್ತದೆ. ಬಳಸಲು ಸುಲಭ. ಆದರೂ ಅದು ಡಿ ಮಾರ್ ಸೂತ್ರದ ವಂಶದ್ದೇ: ಪ್ರತಿ ಲೋಹಕ್ಕೂ ಬೇರೆ ಬೇರೆ ಗುಣಾಂಕಗಳು, ಕಾರಣದ ಮಾತಿಲ್ಲ.

ಕಾರಣದ ಎಳೆ ಬೇರೊಂದು ಕಡೆಯಿಂದ ಬಂತು. ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಫ್ರಾನ್ಸಿನ ಆಂರಿ ಟ್ರೆಸ್ಕಾ ಪ್ಲಾಟಿನಮ್ ಸರಳನ್ನು ಸುತ್ತಿಗೆಯಿಂದ ಬಡಿಸುವಾಗ, ಲೋಹದ ಪಕ್ಕದಲ್ಲಿ ಒಂದನ್ನೊಂದು ಅಡ್ಡಹಾಯುವ ಎರಡು ಬಿಸಿ ಗೆರೆಗಳು ಹೊಳೆದದ್ದನ್ನು ಗಮನಿಸಿದ್ದ. ಏಟಿನ ಶಾಖ ಇಡೀ ಲೋಹಕ್ಕೆ ಹರಡಲು ಸಮಯ ಸಾಲದೆ ಆ ಗೆರೆಗಳಲ್ಲೇ ಉಳಿದಿತ್ತು. 1944ರಲ್ಲಿ ಜೀನರ್ ಮತ್ತು ಹಾಲೊಮನ್ ಉಕ್ಕಿನ ತಟ್ಟೆಗೆ ವೇಗವಾಗಿ ತೂತು ಹೊಡೆದಾಗ ಇಂಥದ್ದೇ ಕಿರಿದಾದ ಪಟ್ಟಿ ಕಂಡು, ಹೀಗೆ ವಿವರಿಸಿದರು: ಲೋಹ ಜರುಗಿದಂತೆ ಗಟ್ಟಿಯಾಗುತ್ತದೆ, ಬಿಸಿಯಾದಂತೆ ಮೆದುವಾಗುತ್ತದೆ, ಮೆದುವಾಗುವ ವೇಗ ಮೇಲುಗೈ ಪಡೆದ ಕ್ಷಣ ಜರುಗುವಿಕೆಯೆಲ್ಲ ಆ ಒಂದೇ ಪಟ್ಟಿಗೆ ನುಗ್ಗುತ್ತದೆ. ಮೊಂಡಾದ ಚೂರು ಬಡಿದ ಫಲಕದಿಂದ, ಕ್ಯಾರಂ ಬಿಲ್ಲೆಯಂತೆ ದುಂಡಗಿನ ತುಂಡೊಂದು ಕತ್ತರಿಸಿಕೊಂಡು ಹಿಂದಕ್ಕೆ ಹಾರುವುದು ಇದರಿಂದಲೇ.

1963ರಲ್ಲಿ ರೆಕ್ಟ್ ಮತ್ತು ಇಪ್ಸನ್ ಈ ಬಿಲ್ಲೆಯನ್ನು ಲೆಕ್ಕಕ್ಕೆ ಸೇರಿಸಿದರು. ಚೂರು ಬಿಲ್ಲೆಯನ್ನು ತಳ್ಳಿಕೊಂಡು ಹೋಗುವುದರಿಂದ ಸಂವೇಗವನ್ನು ಅದರೊಂದಿಗೆ ಹಂಚಿಕೊಳ್ಳಬೇಕು. ಉಳಿದ ಶಕ್ತಿಯಲ್ಲಿ ಭೇದನಕ್ಕೆ ಬೇಕಾದ ಪಾಲನ್ನು ಕಳೆದರೆ ಹೊರಬೀಳುವ ವೇಗ ಸಿಗುತ್ತದೆ. ಇಂದಿಗೂ ಪ್ರಯೋಗದ ಬಿಂದುಗಳ ನಡುವೆ ಎಳೆಯುವ ಗೆರೆ ಬಹುಮಟ್ಟಿಗೆ ಇವರದೇ. ಪರೀಕ್ಷೆಗೆ ನಿಜವಾದ ಚೂರಿನ ಬದಲು, ಮುಂಭಾಗದ ಎರಡು ಪಕ್ಕಗಳನ್ನು ಇಳಿಜಾರಾಗಿ ಕಡಿದು ಉಳಿಯ ಬಾಯಂತೆ ಮಾಡಿದ ಉಕ್ಕಿನ ಸಿಲಿಂಡರ್ ಬಳಕೆಗೆ ಬಂತು, 20 ಮಿ.ಮೀ. ಗಾತ್ರದ್ದು ಸುಮಾರು 54 ಗ್ರಾಂ ತೂಗುತ್ತದೆ. ಇದು ತೂರಿಹೋಗುವ ಮತ್ತು ನಿಲ್ಲುವ ಸಂಭವ ಸಮ-ಸಮವಾಗುವ ವೇಗವನ್ನೇ ಫಲಕದ ತಾಳಿಕೆಯ ಅಳತೆ ಎಂದು ಹಿಡಿಯುತ್ತಾರೆ. ಹೌದು-ಇಲ್ಲ ಎಂಬ ಖಚಿತ ಗಡಿ ಇಲ್ಲವೆಂಬ ಒಪ್ಪಿಗೆ ಆ ಅಳತೆಯಲ್ಲೇ ಇದೆ.

ಎಂಬತ್ತರ ದಶಕದಲ್ಲಿ ಜಾನ್ಸನ್ ಮತ್ತು ಕುಕ್, ಲೋಹ ಮುರಿಯುವ ಮುನ್ನ ಎಷ್ಟು ಹಿಗ್ಗಬಲ್ಲದು ಎಂಬುದನ್ನು ಮೂರು ಸಂಗತಿಗಳಿಗೆ ಕಟ್ಟಿದರು: ಎಳೆತ ಎಲ್ಲ ದಿಕ್ಕಿನಿಂದಲೂ ಎಷ್ಟಿದೆ, ಎಷ್ಟು ವೇಗವಾಗಿ ಹಿಗ್ಗುತ್ತಿದೆ, ಎಷ್ಟು ಬಿಸಿಯಾಗಿದೆ. ಕಂಪ್ಯೂಟರ್ ಪ್ರತಿ ಹಂತದ ಹಾನಿಯನ್ನು ಕೂಡುತ್ತಾ ಹೋಗಿ, ಮೊತ್ತ 1 ತಲುಪಿದಲ್ಲಿ ಲೋಹ ಹರಿಯಿತೆಂದು ಎಣಿಸುತ್ತದೆ.

ಇದನ್ನೆಲ್ಲ ಒರೆಗೆ ಹಚ್ಚಿದವರಲ್ಲಿ ನಾರ್ವೆಯ ಟ್ರಾಂಡ್‌ಹೈಮಿನ ಬೋರ್ವಿಕ್ ಮತ್ತು ಸಂಗಡಿಗರ ಕೆಲಸ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. 2002ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಅವರು 20 ಮಿ.ಮೀ. ವ್ಯಾಸದ, 197 ಗ್ರಾಂ ತೂಕದ ಗಡಸು ಗುಂಡುಗಳನ್ನು ಅನಿಲದ ಒತ್ತಡದಿಂದ 12 ಮಿ.ಮೀ. ದಪ್ಪದ ಉಕ್ಕಿನ ಫಲಕಕ್ಕೆ ಹಾರಿಸಿದರು. ಚೂಪಾದ ಗುಂಡಿಗೆ ಫಲಕ ಸೆಕೆಂಡಿಗೆ ಸುಮಾರು 290 ಮೀಟರ್ ವೇಗದವರೆಗೆ ತಡೆಯಿತು. ಚಪ್ಪಟೆ ಮೂತಿಯ ಗುಂಡಿಗೆ ಸುಮಾರು 185 ಮೀಟರಿಗೇ ಸೋತಿತು. 2004ರ ಮುಂದುವರಿಕೆ ಇನ್ನೂ ವಿಚಿತ್ರ: 460, 700, 900 ಮೆಗಾಪಾಸ್ಕಲ್ ದರ್ಜೆಯ ಉಕ್ಕುಗಳನ್ನು ಹೋಲಿಸಿದಾಗ, ಚೂಪು ಗುಂಡಿನೆದುರು ಬಲವಾದ ಉಕ್ಕು ಹೆಚ್ಚು ತಾಳಿತು, ಚಪ್ಪಟೆ ಗುಂಡಿನೆದುರು ಬಲ ಹೆಚ್ಚಿದಷ್ಟೂ ತಾಳಿಕೆ ಇಳಿಯಿತು. ಬಲವಾದ ಉಕ್ಕಿನಲ್ಲಿ ಜರುಗುವಿಕೆ ಬೇಗನೆ ಒಂದೇ ಪಟ್ಟಿಗೆ ಸೇರಿ, ಉಳಿದ ಫಲಕ ಬಾಗಿ ಶಕ್ತಿ ಹೀರುವ ಮೊದಲೇ ಬಿಲ್ಲೆ ಕಳಚಿಕೊಳ್ಳುತ್ತದೆ. ಶಕ್ತಿಯ ಲೆಕ್ಕ ಮಾತ್ರ ಹಿಡಿದವನು ಇಲ್ಲಿ ಬಲವಾದ ಉಕ್ಕನ್ನೇ ಆರಿಸಿ ಕೆಡುತ್ತಿದ್ದ.

2007ರಲ್ಲಿ ಅದೇ ಗುಂಪು 12 ಮಿ.ಮೀ.ನ ಒಂದು ಫಲಕದ ಬದಲು 6 ಮಿ.ಮೀ.ನ ಎರಡನ್ನು ಇಟ್ಟಿತು. ಚಪ್ಪಟೆ ಗುಂಡಿನೆದುರು ತಾಳಿಕೆ ಗಣನೀಯವಾಗಿ ಏರಿತು: ತೆಳು ಫಲಕಗಳು ಕತ್ತರಿಸಿಕೊಳ್ಳುವ ಮೊದಲು ಬಾಗಿ ಹಿಗ್ಗಿದವು. ಚೂಪು ಗುಂಡಿನೆದುರು ಫಲಿತಾಂಶ ತದ್ವಿರುದ್ಧ. ಕಂಪ್ಯೂಟರ್ ಲೆಕ್ಕಕ್ಕೆ ಇಲ್ಲಿ ಇನ್ನೊಂದು ತೊಡಕಿದೆ: ಜರುಗುವ ಪಟ್ಟಿಯ ಅಗಲ ಮೈಕ್ರೊಮೀಟರುಗಳಲ್ಲಿದ್ದರೆ, ಲೆಕ್ಕಕ್ಕಾಗಿ ಫಲಕವನ್ನು ಹೋಳು ಮಾಡುವ ಕಣಗಳು ಸಾಮಾನ್ಯವಾಗಿ ಅದಕ್ಕಿಂತ ದೊಡ್ಡವು. ಕಣದ ಗಾತ್ರ ಬದಲಿಸಿದರೆ ಚಪ್ಪಟೆ ಗುಂಡಿನ ಉತ್ತರವೂ ಬದಲಾಗುತ್ತದೆ. ಹಾಗಾಗಿ ಮೊಂಡು ಚೂರಿನ ಮಟ್ಟಿಗೆ, ಉಳಿಮೂತಿಯ ಆ ಸಿಲಿಂಡರನ್ನು ನಿಜವಾದ ಫಲಕಕ್ಕೆ ಹೊಡೆದು ನೋಡುವ ಪದ್ಧತಿ ಇನ್ನೂ ನಿಂತಿಲ್ಲ.