ಹೊಲದಾಗ ಹಳೇ ಎಲುಬು ಸಿಕ್ಕರೆ ಏನು ಮಾಡಬೇಕು? ಜೇವರ್ಗಿ, ಬೂದಿಹಾಳದ ಗೋರಿಗಳು ಹೇಳೋದಿಷ್ಟು

ಗಾಣಗಾಪುರ: ಬಾವಿ ತೋಡುವಾಗ, ಜೆಸಿಬಿ ಹಚ್ಚಿ ಹೊಲ ಸಪಾಟು ಮಾಡುವಾಗ ಒಮ್ಮೊಮ್ಮೆ ಮಡಕೆ ಚೂರು, ಎಲುಬು ಮೇಲೆ ಬರುತ್ತವೆ. "ಕೆಳಗ ನಿಧಿ ಇರಬೇಕು" ಅಂತ ಮತ್ತಷ್ಟು ಅಗೆಯೋರೂ ಇದ್ದಾರೆ. ಆದರೆ ಅಲ್ಲಿ ಬೆಲೆ ಇರೋದು ಆ ಎಲುಬಿಗೇ.

ಜೇವರ್ಗಿಯಲ್ಲಿ ಸಿಕ್ಕಿದ್ದೇನು?
ಸುರಪುರ ಸಂಸ್ಥಾನದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೇ ಶತಮಾನದ ಮಧ್ಯದಲ್ಲಿ ಭೀಮಾ ತೀರದ ಜೇವರ್ಗಿ ಬಳಿ ಕಲ್ಲುಗುಂಪೆಯ ಗೋರಿಗಳನ್ನು ಅಗೆಸಿದ್ದರು. ಇವು ಕಬ್ಬಿಣ ಯುಗದವು. ಒಳಗೆ ಅಸ್ಥಿಪಂಜರಗಳ ಜೊತೆ ದೇಹದಿಂದ ಬೇರೆಯಾದ ತಲೆಗಳೂ ಇದ್ದವು. ಇದು ನರಬಲಿ ಅಂತ ಟೇಲರ್ ಬರೆದರು. ಆದರೆ ಬೇರೆ ಕಡೆ ಹೂತು, ಆಮೇಲೆ ಎಲುಬು ಆರಿಸಿ ತಂದು ಇಡುವ ಪದ್ಧತಿಯೂ ಆಗ ಇತ್ತು. ಯಾವುದು ಖರೆ? ಕುತ್ತಿಗೆಯ ಎಲುಬಿನ ಮೇಲೆ ಕತ್ತಿಯ ಗಾಯ ಇದೆಯಾ ಅಂತ ಈಗಿನ ತಜ್ಞರು ಮೊದಲು ನೋಡುತ್ತಾರೆ.

ಬೂದಿಹಾಳದ ಮಕ್ಕಳು
ಸುರಪುರ ತಾಲೂಕಿನ ಬೂದಿಹಾಳದಲ್ಲಿ 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಉತ್ಖನನ ನಡೆಸಿತು. ಅದು ಸುಮಾರು 4,000 ವರ್ಷ ಹಿಂದಿನ ದನಗಾಹಿಗಳ ಊರು. ಸಗಣಿ ಸುಟ್ಟ ಬೂದಿಯೇ ಅಲ್ಲಿ ದಿಬ್ಬ ಆಗಿದೆ. ಮನೆಗಳಿದ್ದ ಜಾಗದಲ್ಲೇ ಮಡಕೆಯೊಳಗೆ ಇಟ್ಟು ಹೂತ ಪುಟ್ಟ ಮಕ್ಕಳ ಎಲುಬು ಸಿಕ್ಕವು. ಸತ್ತ ಕೂಸನ್ನು ಊರಾಚೆ ಹಾಕದೆ ಮನೆ ಹತ್ತಿರವೇ ಇಟ್ಟುಕೊಂಡಿದ್ದರು.

ಎಲುಬಿನಿಂದ ಏನು ಗೊತ್ತಾಗುತ್ತೆ?
* ವಯಸ್ಸು: ಮಕ್ಕಳಲ್ಲಿ ಯಾವ ಹಲ್ಲು ಹುಟ್ಟಿದೆ ಅನ್ನೋದರಿಂದ. ದೊಡ್ಡವರಲ್ಲಿ ಕೀಲು, ಹಲ್ಲಿನ ಸವೆತದಿಂದ.
* ಗಂಡೋ ಹೆಣ್ಣೋ: ಸೊಂಟದ ಎಲುಬಿನಿಂದ. ಸಣ್ಣ ಮಕ್ಕಳಲ್ಲಿ ಇದು ಕಷ್ಟ.
* ಎತ್ತರ: ತೊಡೆ ಎಲುಬಿನ ಉದ್ದದಿಂದ.
* ಬೆಳೆದ ಊರು: ಹಲ್ಲಿನ ಹೊರಪದರದಲ್ಲಿರುವ ಸ್ಟ್ರಾನ್ಷಿಯಂನಿಂದ.
* ಡಿಎನ್‌ಎ: ನಮ್ಮ ಬಿಸಿಲಿಗೆ ಬೇಗ ಹಾಳಾಗುತ್ತೆ. ಹರಿಯಾಣದ ರಾಖಿಗಢಿಯಲ್ಲಿ 60ಕ್ಕೂ ಹೆಚ್ಚು ಮಾದರಿ ಪರೀಕ್ಷಿಸಿದರೂ ಉಪಯೋಗಕ್ಕೆ ಬಂದಿದ್ದು ಒಂದೇ. ಅದರ ವರದಿ 2019ರಲ್ಲಿ ಬಂತು.

ಇದೆಲ್ಲಾ ಸರಿಯಾಗಿ ಗೊತ್ತಾಗಬೇಕಾದರೆ ಎಲುಬು ಮಲಗಿದ್ದ ದಿಕ್ಕು, ಪಕ್ಕದ ಮಡಕೆ, ಸುತ್ತಲಿನ ಮಣ್ಣು ಇದ್ದಲ್ಲೇ ಇರಬೇಕು. ಒಮ್ಮೆ ಬಕೆಟ್ ಹಾಕಿ ಎತ್ತಿದರೆ ಮುಗೀತು, ವಾಪಸ್ ಜೋಡಿಸೋಕೆ ಬರಲ್ಲ.

ಸಿಕ್ಕರೆ ಏನು ಮಾಡಬೇಕು?
* ಕೆಲಸ ಅಲ್ಲಿಗೇ ನಿಲ್ಲಿಸಿ. ಎಲುಬು ಎತ್ತಬೇಡಿ, ತೊಳೆಯಬೇಡಿ.
* ಇದ್ದ ಹಾಗೇ ಫೋಟೋ ತೆಗೆದು, ಮೇಲೆ ತಾಡಪಾಲ್ ಹೊದಿಸಿ.
* ಪೊಲೀಸ್ ಠಾಣೆ, ತಹಸೀಲ್ದಾರ್ ಕಚೇರಿಗೆ ತಿಳಿಸಿ. ಹಳೇದೋ ಇತ್ತೀಚಿನದೋ ಅಂತ ಅವರೇ ನೋಡಲಿ. ಹಳೇದಾದರೆ ಪುರಾತತ್ವ ಇಲಾಖೆಗೆ ಸುದ್ದಿ ಹೋಗಬೇಕು.
* ನಿಧಿ ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅಪರಾಧ.

ಹೊಲದ ಬದುವಿನಲ್ಲಿ ದುಂಡಗೆ ಜೋಡಿಸಿದ ದೊಡ್ಡ ಕಲ್ಲುಗಳಿದ್ದರೆ ಬುನಾದಿಗೆ ಅಂತ ಒಯ್ಯೋ ಮುಂಚೆ ಒಮ್ಮೆ ಯೋಚಿಸಿ. ಅದು ಯಾರದೋ ಗೋರಿ ಆಗಿರಬಹುದು.