ಗುಣವನ್ನೇ ಅಡವಿಟ್ಟ ಕಾಲ: ಒಂದು ದೊಡ್ಡ ಬ್ಯಾಂಕಿನ ಪೂರ್ವಕಥೆ

ಕಳೆದ ಕಾಫಿ ಕೊಯ್ಲಿನ ದಿನಗಳಲ್ಲಿ, ಹಾಲೆಂಡಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆಲ್ದೂರಿಗೆ ಬಂದವನು ನಮ್ಮ ಮನೆಗೂ ಬಂದಿದ್ದ. ಮಾತಿನ ನಡುವೆ, “ಮೇಷ್ಟ್ರೇ, ನನ್ನ ಸಂಬಳ ಜಮೆಯಾಗುವ ಬ್ಯಾಂಕು ಹಿಂದೆ ನಮ್ಮೂರ ಸೊಸೈಟಿಯ ಹಾಗೇ ಇತ್ತಂತೆ. ಎಷ್ಟೋ ಹಳ್ಳಿಗಳಲ್ಲಿ ಶಾಲೆಯ ಮೇಷ್ಟ್ರೇ ಅದರ ಖಜಾಂಚಿಯಂತೆ” ಎಂದ. ಆ ಬ್ಯಾಂಕಿನ ಹೆಸರು ರಾಬೊಬ್ಯಾಂಕ್. ಅವನು ಹೋದ ಮೇಲೂ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಕುತೂಹಲದಿಂದ ಓದುತ್ತ ಹೋದಂತೆ, ಆ ಬ್ಯಾಂಕಿಗೂ ನಮ್ಮ ನಾಡಿನ ಸಹಕಾರ ಸಂಘಗಳಿಗೂ ಮೂಲಪುರುಷ ಒಬ್ಬನೇ ಎಂಬುದು ತಿಳಿದುಬಂತು.

ಆತ ಜರ್ಮನಿಯ ಫ್ರೆಡರಿಕ್ ವಿಲ್ಹೆಲ್ಮ್ ರೈಫೈಸನ್ (1818-1888). ದೊಡ್ಡ ಹಣವಂತನಲ್ಲ, ಹಳ್ಳಿಗಾಡಿನ ಆಡಳಿತಾಧಿಕಾರಿ. 1846-47ರ ಕ್ಷಾಮದಲ್ಲಿ ಬಡವರು ರೊಟ್ಟಿಗೂ ಪರದಾಡುವುದನ್ನು ಕಂಡು, ಉಳ್ಳವರಿಂದ ಹಣ ಕೂಡಿಸಿ ಹಿಟ್ಟು ತರಿಸಿದ. ಊರಲ್ಲೇ ರೊಟ್ಟಿ ಸುಡುವ ಒಲೆ ಹಾಕಿಸಿದ. ಆದರೆ ದಾನಿಗಳ ಉತ್ಸಾಹ ಬಹುಕಾಲ ಬಾಳುವುದಿಲ್ಲವೆಂಬ ಸತ್ಯ ಅನುಭವದಿಂದ ಅರಿವಾಯಿತು. 1864ರಲ್ಲಿ ಹೆಡೆಸ್‌ಡಾರ್ಫ್ ಎಂಬಲ್ಲಿ ಆತ ಕಟ್ಟಿದ ಸಾಲದ ಸಂಘದಲ್ಲಿ ದಾನಿ ಬೇರೆ, ಸಾಲಗಾರ ಬೇರೆ ಎಂಬ ಭೇದ ಉಳಿಯಲಿಲ್ಲ. ಸಾಲ ಬೇಕಾದವನು ಸದಸ್ಯನಾಗಬೇಕು. ಸಂಘಕ್ಕೆ ನಷ್ಟವಾದರೆ ಪ್ರತಿಯೊಬ್ಬ ಸದಸ್ಯನೂ ತನ್ನ ಇಡೀ ಆಸ್ತಿಯಿಂದ ಹೊಣೆ ಹೊರಬೇಕು. ಇದನ್ನೇ ಅಪರಿಮಿತ ಹೊಣೆಗಾರಿಕೆ ಎನ್ನುತ್ತಾರೆ.

ಇಂದಿನವರಿಗೆ ಇದು ಭಯಂಕರ ನಿಯಮವೆನಿಸಬಹುದು. ಆದರೆ ಅದರ ಜಾಣ್ಮೆಯನ್ನು ನೋಡಿ. ನೆರೆಯವನು ಸಾಲ ತೀರಿಸದಿದ್ದರೆ ನನ್ನ ಹೊಲಕ್ಕೇ ಕುತ್ತು ಬರುವುದಾದರೆ, ಅವನು ಸಾಲವನ್ನು ಹಸುವಿಗೆ ಹಾಕಿದನೋ ಹೆಂಡಕ್ಕೆ ಹಾಕಿದನೋ ಎಂದು ನಾನು ಗಮನಿಸಿಯೇ ಗಮನಿಸುತ್ತೇನೆ. ಸಂಘದ ವ್ಯಾಪ್ತಿ ಚಿಕ್ಕದಾಗಿರಬೇಕು, ಎಲ್ಲರಿಗೂ ಎಲ್ಲರ ಪರಿಚಯವಿರಬೇಕು, ಆಡಳಿತ ಮಂಡಳಿಯವರು ಸಂಬಳವಿಲ್ಲದೆ ದುಡಿಯಬೇಕು ಎಂಬ ನಿಯಮಗಳೂ ಇದಕ್ಕೆ ಹೊಂದಿಕೊಂಡವು. ಒಟ್ಟಿನಲ್ಲಿ ಅಡವಿಗೆ ಬಿದ್ದದ್ದು ಚಿನ್ನವಲ್ಲ, ಮನುಷ್ಯನ ಗುಣ.

ಹೊರದೇಶಗಳ ಅಗ್ಗದ ಧಾನ್ಯ ಯೂರೋಪಿಗೆ ಹರಿದು ರೈತರು ಕಂಗೆಟ್ಟಾಗ ಈ ವಿಚಾರ ಹಾಲೆಂಡನ್ನು ತಲುಪಿತು. ಅಲ್ಲಿ ವಾನ್ ಡೆನ್ ಎಲ್ಸೆನ್ ಎಂಬ ಪಾದ್ರಿ ಇದರ ಮುಖ್ಯ ಪ್ರಚಾರಕ. 1898ರಲ್ಲಿ ಯುಟ್ರೆಕ್ಟ್ ಮತ್ತು ಐಂಡ್‌ಹೋವನ್ ಪಟ್ಟಣಗಳಲ್ಲಿ ಹಳ್ಳಿಯ ಸಂಘಗಳಿಗೆ ಒಂದೊಂದು ಕೇಂದ್ರ ಬ್ಯಾಂಕು ಹುಟ್ಟಿದವು. ಒಂದರ ಹೆಸರಿನಲ್ಲಿ ‘ರೈಫೈಸನ್’, ಇನ್ನೊಂದರಲ್ಲಿ ‘ಬೂರನ್‌ಲೇನ್‌ಬ್ಯಾಂಕ್’, ಅಂದರೆ ರೈತರ ಸಾಲದ ಬ್ಯಾಂಕು. 1972ರಲ್ಲಿ ಇವೆರಡೂ ಒಂದಾದಾಗ ಎರಡರ ಮೊದಲಕ್ಷರಗಳು ಸೇರಿ ‘ರಾಬೊ’ ಎಂಬ ಹೆಸರಾಯಿತು. ಇಂದು ಅದು ಕೃಷಿ ಮತ್ತು ಆಹಾರೋದ್ಯಮಕ್ಕೆ ಹಣ ಒದಗಿಸುತ್ತ ಹಲವು ದೇಶಗಳಲ್ಲಿ ಹರಡಿಕೊಂಡಿದೆ. ಈಗಲೂ ಅದು ಸಹಕಾರಿ ಸಂಸ್ಥೆಯೇ. ಸದಸ್ಯರು 20 ಲಕ್ಷಕ್ಕೂ ಹೆಚ್ಚು.

ಆದರೆ ಬೆಳೆಯುತ್ತ ಹೋದಂತೆ ಸದಸ್ಯರ ಹೊಣೆ ಮೊದಲು ಮಿತಿಗೊಂಡು ಕೊನೆಗೆ ಇಲ್ಲವಾಯಿತು. ದೂರದ ನಗರಗಳ ವಹಿವಾಟಿನ ಮೇಲೆ ಹಳ್ಳಿಯವನ ಕಣ್ಣು ಬೀಳುವಂತಿರಲಿಲ್ಲ. 2013ರಲ್ಲಿ, ಲೈಬಾರ್ ಎಂಬ ಅಂತಾರಾಷ್ಟ್ರೀಯ ಬಡ್ಡಿದರವನ್ನು ತಿರುಚಿದ ಪ್ರಕರಣದಲ್ಲಿ ರಾಬೊಬ್ಯಾಂಕ್ 77 ಕೋಟಿ ಯೂರೋಗೂ ಮಿಕ್ಕಿ ದಂಡ ತೆರಬೇಕಾಯಿತು, ಅಧ್ಯಕ್ಷರು ರಾಜೀನಾಮೆಯಿತ್ತರು. 2016ರಲ್ಲಿ ನೂರಕ್ಕೂ ಮಿಕ್ಕ ಸ್ಥಳೀಯ ಬ್ಯಾಂಕುಗಳು ಒಂದೇ ಸಂಸ್ಥೆಯಲ್ಲಿ ಲೀನವಾದವು.

ಇನ್ನು ನಮ್ಮ ಕಡೆಯ ಕಥೆ. ಮದರಾಸು ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕೋಲ್ಸನ್ ಯೂರೋಪಿನ ಸಂಘಗಳನ್ನು ಅಧ್ಯಯನ ಮಾಡಿ 1895 ಮತ್ತು 1897ರಲ್ಲಿ ವರದಿ ಒಪ್ಪಿಸಿದರು. ರೈಫೈಸನ್‌ನಂಥವರು ಇಲ್ಲಿಯೂ ಬೇಕು ಎಂಬುದೇ ಅದರ ತಿರುಳು. 1904ರಲ್ಲಿ ಕಾಯಿದೆ ಬಂತು. ಗ್ರಾಮೀಣ ಸಂಘಗಳಿಗೆ ಅಪರಿಮಿತ ಹೊಣೆಗಾರಿಕೆಯೇ ಅದರಲ್ಲೂ ಸಾಮಾನ್ಯ ನಿಯಮ. ಮರುವರ್ಷವೇ, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಭಾರತದಲ್ಲೇ ಮೊದಲನೆಯದೆಂಬ ಕೀರ್ತಿ ಅದರದು. ನಮ್ಮ ಆಲ್ದೂರು ಆಗ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿತ್ತು. ಸಂಸ್ಥಾನದಲ್ಲೂ 1905ರಲ್ಲೇ ಸಹಕಾರ ಕಾನೂನು ಜಾರಿಗೆ ಬಂದಿತು.

ಆದರೂ ಬೇರು ಆಳಕ್ಕಿಳಿಯಲಿಲ್ಲ. 1951-52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯಂತೆ ರೈತರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇಕಡಾ 3.1 ಮಾತ್ರ, ಲೇವಾದೇವಿಗಾರರದು ಸುಮಾರು ಶೇಕಡಾ 70. ಆ ಬಳಿಕ ಸರ್ಕಾರವೇ ಷೇರು ಬಂಡವಾಳ ಹೂಡಿ ಸಂಘಗಳನ್ನು ಬೆಳೆಸಿತು. ಸಾಹುಕಾರನ ಹಿಡಿತ ಸಡಿಲವಾದದ್ದು ಸಣ್ಣ ಉಪಕಾರವಲ್ಲ. ಆದರೆ ಹಣ ಮೇಲಿನಿಂದ ಇಳಿದು ಬರತೊಡಗಿದಾಗ, ನೆರೆಯವನ ಸಾಲ ತನಗೂ ಸಂಬಂಧಿಸಿದ್ದು ಎಂಬ ಭಾವ ಕುಗ್ಗಿತು. ಹಾಲೆಂಡಿನಲ್ಲಿ ಗಾತ್ರ ಮಾಡಿದ್ದನ್ನು ನಮ್ಮಲ್ಲಿ ಸರ್ಕಾರದ ಹಣ ಮಾಡಿತು. ನಾನೂ ಸಂಘವೊಂದರ ಸದಸ್ಯ. ವಾರ್ಷಿಕ ಮಹಾಸಭೆಗೆ ಹೋಗಿ, ರುಜು ಹಾಕಿ, ತಿಂಡಿ ತಿಂದು, ಲೆಕ್ಕಪತ್ರದ ಪುಟ ತಿರುವದೆ ಮನೆಗೆ ಬಂದ ವರ್ಷಗಳೇ ಹೆಚ್ಚು. ಜೀವಮಾನವೆಲ್ಲ ಮಕ್ಕಳ ಲೆಕ್ಕ ತಿದ್ದಿದವನಿಗೆ ಇದು ಹೆಮ್ಮೆಯ ಮಾತಲ್ಲ.

ಹಾಗೆಂದು ಹಳೆಯದನ್ನೆಲ್ಲ ಹೊಗಳಲಾರೆ. ಇಡೀ ಆಸ್ತಿಯ ಹೊಣೆ ಹೊರುವ ಸಂಘದಲ್ಲಿ ಆಸ್ತಿಯೇ ಇಲ್ಲದವನಿಗೆ ಪ್ರವೇಶ ಎಂದೂ ಸುಲಭವಿರಲಿಲ್ಲ. ನಮ್ಮ ಮಲೆನಾಡಿನಲ್ಲಿ ಬೆಳೆಸಾಲಕ್ಕೆ ಪಹಣಿ ಬೇಕು. ಎಸ್ಟೇಟಿನ ಲೈನು ಮನೆಗಳಲ್ಲಿ ತಲೆಮಾರುಗಳಿಂದ ಬಾಳಿ, ಈ ಗುಡ್ಡಗಳ ಕಾಫಿಯನ್ನೆಲ್ಲ ಕೊಯ್ದವರ ಹೆಸರು ಯಾವ ಪಹಣಿಯಲ್ಲಿದೆ? ನಮ್ಮ ಶಾಲೆಗೆ ಅಲ್ಲಿಂದ ಬರುತ್ತಿದ್ದ ಮಕ್ಕಳ ತಂದೆತಾಯಂದಿರು, ಅಂಗಡಿಯಲ್ಲಿ ಬರೆಸಿದ ಸಾಲವನ್ನು ವಾರದ ಬಟವಾಡೆಯ ದಿನವೇ ತೀರಿಸುತ್ತಿದ್ದುದನ್ನು ನಾನು ಕಂಡಿದ್ದೇನೆ. ಗುಣವೇ ಅಡಮಾನವಾಗುವುದಾದರೆ ಅವರಿಗಿಂತ ದೊಡ್ಡ ಆಸ್ತಿವಂತರು ಯಾರು? ರೈಫೈಸನ್ ಆರಂಭಿಸಿದ ಕೆಲಸದಲ್ಲಿ ಈ ಪಾಠವೊಂದು ಇನ್ನೂ ಬಾಕಿಯಿದೆ.